ಒಲೆಯ ಮುಂದಿನ ಜಾಗ

ಆಳಂದದಲ್ಲಿ ಈಗ ಹೆಣ್ಣುಮಕ್ಕಳಿಗೆ ಬಹಳ ಒಳ್ಳೆಯ ಕಾಲ ಬಂದಿದೆ. ಇದು ನನ್ನ ಮಾತಲ್ಲ, ನಮ್ಮ ಮಾಲೀಕರಾದ ಅರುಣಕುಮಾರ ಸಾವಕಾರರ ಮಾತು. ತಿಂಗಳಿಗೆ ಒಂದೆರಡು ಸಲವಾದರೂ ಮೈಕು ಹಿಡಿದು ಹೇಳುತ್ತಾರೆ. ಅವರ ಭಾಷಣ ಟೈಪ್ ಮಾಡುವವಳು ನಾನೇ, ಹಾಗಾಗಿ ನನಗೆ ಬಾಯಿಪಾಠವಾಗಿದೆ. "ನಮ್ಮ ಅಪ್ಪನ ಕಾಲದಲ್ಲಿ ಹೆಣ್ಣಾಳು ಎಂದರೆ ಕಸ ಬಳಿಯುವವಳು. ಇಂದು ನಮ್ಮ ಘಟಕದಲ್ಲಿ ಹೆಣ್ಣೇ ಶಕ್ತಿ" ಎಂದು ಶುರುವಾಗುತ್ತದೆ. ಅದರ ಕೆಳಗೆ ಚಪ್ಪಾಳೆಗೆಂದು ಒಂದು ಸಾಲು ಖಾಲಿ ಬಿಡಬೇಕು.

ಅವರ ಅಪ್ಪ ದೌಲತರಾಯರದು ತೊಗರಿಬೇಳೆ ಮಿಲ್ಲು. ಹೆಂಗಸರನ್ನು ಮಷೀನಿನ ಹತ್ತಿರ ಬಿಡುತ್ತಿರಲಿಲ್ಲ. ಇಬ್ಬರು ಹೆಂಗಸರು ನಕ್ಕರೆ ಹತ್ತು ಗಂಡಸರ ಕೆಲಸ ನಿಲ್ಲುತ್ತದೆ ಎಂದು ಅವರು ನಂಬಿದ್ದರಂತೆ. ಮಗ ಹಾಗಲ್ಲ. ಕಲಬುರಗಿಯ ಒಂದು ಹೋಟೆಲಿನಲ್ಲಿ ಉದ್ಯಮಿಗಳಿಗೆಂದು ನಡೆಸಿದ ಎರಡು ದಿನದ ತರಬೇತಿ ಮುಗಿಸಿ ಬಂದರು, ಬಂದವರೇ ಬದಲಾದರು. ಹೆಣ್ಣುಮಕ್ಕಳು ಬೀಡಿ ಸೇದಲು ಹೊರಗೆ ಹೋಗುವುದಿಲ್ಲ, ಕುಡಿದು ಬರುವುದಿಲ್ಲ, ಸಂಘ ಕಟ್ಟುವುದಿಲ್ಲ, ಬೈದರೆ ಮೂಲೆಯಲ್ಲಿ ನಿಂತು ಅತ್ತು ಮತ್ತೆ ಕೆಲಸಕ್ಕೆ ಕೂರುತ್ತಾರೆ. ಇಂಥ ಆಳು ಇಷ್ಟು ವರ್ಷ ಕಣ್ಣಿಗೇ ಬಿದ್ದಿರಲಿಲ್ಲವಲ್ಲ ಎಂದು ಅವರಿಗೆ ಬೇಜಾರಾಯಿತು. ಮಿಲ್ಲಿನ ಹಳೆಯ ಗೋದಾಮಿಗೆ ಬಣ್ಣ ಬಳಿಸಿ "ತಾಯಿಕೈ ಖಡಕ್ ರೊಟ್ಟಿ" ಎಂದು ಬೋರ್ಡು ಹಾಕಿಸಿದರು.

ಗೋದಾಮಿನ ಒಳಗೆ ದುಂಡಗೆ ಹೂಡಿದ ಹನ್ನೆರಡು ಒಲೆ. ಒಲೆಗೊಬ್ಬಳಂತೆ ಹನ್ನೆರಡು ಹೆಂಗಸರು. ತಲೆಗೆ ಪ್ಲಾಸ್ಟಿಕ್ ಟೊಪ್ಪಿಗೆ, ಮುಂದೆ ಹಸಿರು ಏಪ್ರನ್ನು. ಕುದಿಯುವ ನೀರಿಗೆ ಜೋಳದ ಹಿಟ್ಟು ಹಾಕಿ, ದೊಡ್ಡ ಪರಾತದಲ್ಲಿ ನಾದಿ, ಉಂಡೆ ಹಿಡಿದು, ಕಲ್ಲಿನ ಮೇಲೆ ಬಡಿದು, ಹಂಚಿಗೆ ಹಾಕುತ್ತಾರೆ. ಹನ್ನೆರಡು ಜನ ಒಟ್ಟಿಗೆ ಬಡಿಯುವಾಗ ನನ್ನ ಆಫೀಸಿನ ಮೇಜೂ ನಡುಗುತ್ತದೆ.

ಗೋದಾಮಿನ ಹೊರಗೆ ನಾಲ್ವರು. ಅವರಲ್ಲಿ ಒಬ್ಬಳು ನಮ್ಮ ಅವ್ವ, ಮಲ್ಕಮ್ಮ. ಇನ್ನೊಬ್ಬಳು ಫರಹೀನ. ಉಳಿದಿಬ್ಬರು ನಮ್ಮ ಕೇರಿಯವರೇ. ಇವರಿಗೆ ಟೊಪ್ಪಿಗೆ ಇಲ್ಲ. ಟೆಂಪೊದಿಂದ ಜೋಳದ ಚೀಲ ಇಳಿಸುವುದು, ಮೊರದಲ್ಲಿ ಕೇರಿ ಕಲ್ಲು ಆರಿಸುವುದು, ಮತ್ತೆ ಚೀಲ ಹೊತ್ತು ಗಿರಣಿಗೆ ಹಾಕುವುದು, ಜಾಲಿ ಕಟ್ಟಿಗೆ ಒಡೆಯುವುದು, ಬೂದಿ ಬಳಿಯುವುದು ಇವರ ಕೆಲಸ. ಅವ್ವನಿಗೆ ಐವತ್ತೊಂದು. ಅಪ್ಪ ದಶರಥ ಅಫಜಲಪುರದ ಕಡೆ ಕಬ್ಬು ಕಡಿಯಲು ಹೋದರೆ ಐದು ತಿಂಗಳು ಮನೆಗೆ ಬರುವುದಿಲ್ಲ. ಹೋದ ವರ್ಷ ಚೀಲ ಎತ್ತುವಾಗ ಅವ್ವನ ಸೊಂಟದಲ್ಲಿ ಏನೋ ಕಟ್ ಎಂದಿತು. ಅಂದಿನಿಂದ ಅವಳು ಬೆಳಿಗ್ಗೆ ಗೋಡೆ ಹಿಡಿದು ಏಳುತ್ತಾಳೆ. ಮೂತ್ರಕ್ಕೆ ಕೂತರೆ ಏಳಲು ನಾನು ಕೈ ಕೊಡಬೇಕು.

ಒಳಗೆ ಯಾರು, ಹೊರಗೆ ಯಾರು ಎಂಬುದನ್ನು ಎಲ್ಲಿಯೂ ಬರೆದಿಲ್ಲ. ಬರೆಯುವ ಅಗತ್ಯವೂ ಇಲ್ಲ, ಊರಿಗೆಲ್ಲ ಗೊತ್ತು. ಒಣ ಜೋಳವನ್ನು ನಾವು ಮುಟ್ಟಬಹುದು. ಒಣ ಹಿಟ್ಟಿನ ಚೀಲವನ್ನೂ ಹೊರಬಹುದು. ಹಿಟ್ಟಿಗೆ ನೀರು ಬಿತ್ತೋ, ಅಲ್ಲಿಂದ ಮುಂದೆ ನಮ್ಮ ಕೈ ಆಗುವುದಿಲ್ಲ. ಈ ವಿಜ್ಞಾನವನ್ನು ಯಾವ ತರಬೇತಿಯಲ್ಲಿ ಹೇಳಿಕೊಡುತ್ತಾರೋ ನನಗೆ ತಿಳಿಯದು. ಆಫೀಸಿನ ಗೋಡೆಯ ಮೇಲೆ ಬಸವಣ್ಣನವರ ದೊಡ್ಡ ಫೋಟೊ ಇದೆ. ದಿನಾಲೂ ಅದಕ್ಕೆ ಹೊಸ ಹೂವಿನ ಹಾರ.

ನಾನು ಮೈತ್ರಿ, ಬಿ.ಕಾಂ. ಮಾಡಿದ್ದೇನೆ. ಆನ್‌ಲೈನ್ ಆರ್ಡರು, ಲೇಬಲ್ಲು, ಭಾಷಣ ನೋಡಿಕೊಳ್ಳುತ್ತೇನೆ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಸಾವಕಾರರ ಹೆಂಡತಿ ಶಾಂಭವಿ ಮೇಡಂ. ಅವರು ಪುಣೆಯಲ್ಲಿ ಎಂ.ಬಿ.ಎ. ಓದಿದವರು, ಘಟಕದ ಮ್ಯಾನೇಜರು. "ನಾನು ಜಾತಿ ಕೇಳಲಿಲ್ಲ ನೋಡು" ಎಂದು ಮೊದಲ ದಿನವೇ ಹೇಳಿದರು. ಆ ತಿಂಗಳಲ್ಲಿ ಇನ್ನೂ ನಾಲ್ಕು ಸಲ ಹೇಳಿದರು. ನನ್ನನ್ನು ಆಫೀಸಿನೊಳಗೆ ಕೂರಿಸಲು ಯಾರ ತಕರಾರೂ ಬರಲಿಲ್ಲ. ಕಂಪ್ಯೂಟರಿಗೆ ಯಾರೂ ನೀರು ಹಾಕಿ ನಾದುವುದಿಲ್ಲವಲ್ಲ. ಚಹಾದ ತೊಂದರೆಯನ್ನು ಪೇಪರ್ ಕಪ್ಪು ಬಗೆಹರಿಸಿತು. ಎಲ್ಲರಿಗೂ ಪೇಪರ್ ಕಪ್ಪು, ಕುಡಿದು ಬುಟ್ಟಿಗೆ ಹಾಕುವುದು, ಪೂರ್ತಿ ಸಮಾನತೆ.

ಪ್ಯಾಕೆಟ್ಟಿನ ಮೇಲೆ ಹಾಕಲು ಒಂದು ಫೋಟೊ ಬೇಕಾಯಿತು. ಕಲಬುರಗಿಯಿಂದ ಮಸೂದ ಎಂಬ ಫೋಟೊಗ್ರಾಫರು ಬಂದರು. ಒಳಗೆ ಹೋಗಿ ನೋಡಿ ಹೊರಗೆ ಬಂದು ತಲೆ ಕೆರೆದುಕೊಂಡರು.

"ಮೇಡಂ, ಇವ್ರೆಲ್ಲಾ ಆಪರೇಷನ್ ಥೇಟರ್ ನರ್ಸ್ ಕಂಡಂಗ ಕಾಣ್ತಾರ್ರಿ. ಆ ಅಮ್ಮಾಗ ಕೂಡಸ್ರಿ" ಎಂದು ಕಟ್ಟಿಗೆ ಒಡೆಯುತ್ತಿದ್ದ ಅವ್ವನನ್ನು ತೋರಿಸಿದರು. "ಮುಖದಾಗ ಜಾನ್ ಅದ, ಜೀವಾ ಅದ."

ಮೇಡಂ ಒಂದು ಗಳಿಗೆ ಸಾವಕಾರರ ಮುಖ ನೋಡಿದರು. ಆಮೇಲೆ ದಾರಿ ಹೊಳೆಯಿತು. ಒಳಗಲ್ಲ, ಹೊರಗೆ ಬೇವಿನ ಗಿಡದ ಕೆಳಗೆ ಮೂರು ಕಲ್ಲಿನ ಒಲೆ ಹೂಡಿದರು. ಫೋಟೊಕ್ಕೆಂದೇ ಬೇರೆ ಹಿಟ್ಟು, ಬೇರೆ ಪರಾತ. ಅವ್ವ ಕೂತು ಬಡಿದಳು. ಮನೆಯಲ್ಲಿ ಬಡಿಯುವ ಹಾಗೆಯೇ ಬಡಿದಳು, ತೆಳ್ಳಗೆ, ಪರಾತದಷ್ಟು ಅಗಲಕ್ಕೆ. ಮಸೂದರು ನೂರು ಫೋಟೊ ತೆಗೆದರು. ಹಸಿವಾಗಿ, "ಭೂಕ್ ಲಗಿ" ಎಂದು ಒಂದು ರೊಟ್ಟಿಗೆ ಹಸಿಮೆಣಸಿನಕಾಯಿ ಖಾರ ಹಚ್ಚಿಕೊಂಡು ಅಲ್ಲೇ ನಿಂತು ತಿಂದರು. ಉಳಿದ ಎಂಟು ರೊಟ್ಟಿಯನ್ನು ಸೂಪರವೈಜರ್ ಸಿದ್ದಲಿಂಗ ಪೇಪರಿನಲ್ಲಿ ಸುತ್ತಿ ಸಾವಕಾರರ ಎಮ್ಮೆಗೆ ಹಾಕಿದ. ಆ ಮನೆಯಲ್ಲಿ ಜಾತಿ ಮಾಡದಿದ್ದದ್ದು ಆ ಎಮ್ಮೆ ಒಂದೇ.

ಈಗ ಅವ್ವನ ಮುಖ ಪ್ಯಾಕೆಟ್ಟಿನ ಮೇಲೆ ಕುಳಿತು ಪುಣೆ, ಹೈದರಾಬಾದು, ಬೆಂಗಳೂರು ತಿರುಗುತ್ತಿದೆ. ಗಿರಾಕಿಗಳು ಬರೆಯುತ್ತಾರೆ: ಈ ತಾಯಿಯ ಕೈರುಚಿಗೆ ನಮಸ್ಕಾರ. ಅದನ್ನು ಓದಿ "ಧನ್ಯವಾದಗಳು, ಇಂತಿ ನಿಮ್ಮ ತಾಯಿ" ಎಂದು ಉತ್ತರ ಹಾಕುವುದು ನನ್ನ ಕೆಲಸ. ತಾಯಿ ಹೊರಗೆ ಬೂದಿ ಬಳಿಯುತ್ತಿರುತ್ತಾಳೆ.

ದೀಪಾವಳಿ ಕಳೆದ ಮೇಲೆ ಹನ್ನೆರಡನೆಯ ಒಲೆ ಖಾಲಿಯಾಯಿತು. ಅಲ್ಲಿದ್ದವಳು ಜೇವರ್ಗಿಗೆ ಮಗಳ ಮನೆಗೆ ಹೋಗಿಬಿಟ್ಟಳು. ಮೇಡಂ ನನ್ನಿಂದ ಒಂದು ನೋಟಿಸು ಟೈಪ್ ಮಾಡಿಸಿದರು: "ರೊಟ್ಟಿ ಮಾಡಲು ಅನುಭವವುಳ್ಳ ಮಹಿಳೆಯರು ಬೇಕಾಗಿದ್ದಾರೆ. ಎಲ್ಲರಿಗೂ ಸಮಾನ ಅವಕಾಶ." ಬೋರ್ಡಿಗೆ ಹಚ್ಚಿದೆ. ಅವ್ವನಿಗೆ ಓದಲು ಬರುವುದಿಲ್ಲ. ಸಂಜೆ ಮನೆಯಲ್ಲಿ ಓದಿ ಹೇಳಿದೆ.

ಅವ್ವ ಸೊಂಟಕ್ಕೆ ಬಿಸಿನೀರಿನ ಬಾಟಲಿ ಇಟ್ಟುಕೊಂಡು ಗೋಡೆಗೆ ಒರಗಿದ್ದಳು. "ನನ್ನ ಹೆಸರ ಹಾಕು" ಎಂದಳು.

"ಅವ್ವಾ, ಅವ್ರು ತೊಗೊಳ್ಳಂಗಿಲ್ಲ."

"ಯಾಕ ತೊಗೊಳ್ಳಂಗಿಲ್ಲ? ನೀನೇ ಓದಿದೆಲ್ಲ, ಎಲ್ಲಾರಿಗೂ ಅಂತ. ಹದಿನಾಲ್ಕು ವರ್ಷದಾಕಿ ಇದ್ದಾಗಿಂದ ರೊಟ್ಟಿ ಬಡಿಯಾಕತ್ತೇನಿ. ಇನ್ನ ಚೀಲಾ ಎತ್ತೂದು ಆಗಂಗಿಲ್ಲ ಬೇ. ಕುಂತು ಮಾಡೂ ಕೆಲಸ ಆದ್ರ ಇನ್ನ ಹತ್ತು ವರ್ಷ ಮಾಡ್ತೇನಿ. ಇಲ್ಲಂದ್ರ ಈ ಬ್ಯಾಸಗಿ ದಾಟೂದಿಲ್ಲ ನಾ."

ಮರುದಿನ ಅರ್ಜಿ ಟೈಪ್ ಮಾಡಿ ಮೇಡಂ ಮುಂದೆ ಇಟ್ಟೆ. ಅವರು ಓದಿದರು, ಕನ್ನಡಕ ತೆಗೆದು ಒರೆಸಿದರು.

"ನನಗೇನೂ ಇಲ್ಲ ಮೈತ್ರಿ. ನಿನಗ ಗೊತ್ತದಲ್ಲ ನಾ ಹೆಂಥಾಕಿ ಅಂತ. ಆದ್ರ ಒಳಗಿನ ಹೆಣ್ಣುಮಕ್ಕಳು ಕಂಫರ್ಟೆಬಲ್ ಇರಂಗಿಲ್ಲ. ಟೀಮ್ ಸ್ಪಿರಿಟ್ ಹಾಳಾಗ್ತದ. ನೀ ಮಹಾನಂದಾನ ಕೇಳು."

ಮಹಾನಂದಾ ಒಂದನೆಯ ಒಲೆಯವಳು, ಒಳಗಿನವರಿಗೆಲ್ಲ ಹಿರಿಯಳು. ಊಟದ ಹೊತ್ತಿನಲ್ಲಿ ಕೇಳಿದೆ. ಅವಳು ಬಾಯಲ್ಲಿದ್ದ ತುತ್ತು ನುಂಗುವವರೆಗೆ ಯೋಚಿಸಿದಳು.

"ನಂದೇನದ ಬೇ ಯವ್ವಾ. ನಾ ಬ್ಯಾಡ ಅನ್ನಾಕಿ ಅಲ್ಲ. ನಮ್ಮ ಓಣ್ಯಾಗ ಮಂದಿ ಸುಮ್ಮನಿರಂಗಿಲ್ಲ. ಬ್ಯಾಡ ಬಿಡು. ಸಾವ್ಕಾರ್ರಿಗಿ ಕೇಳು, ಅವ್ರು ಹ್ಞೂಂ ಅಂದ್ರ ನಾವ್ಯಾರು?"

ಸಾವಕಾರರನ್ನು ಕೇಳಿದೆ. ಅವರು ಬಸವಣ್ಣನವರ ಫೋಟೊದ ಕೆಳಗೆ ಕುಳಿತು ಫೋನು ನೋಡುತ್ತಿದ್ದರು. "ನಮ್ಮಲ್ಲಿ ಅದೆಲ್ಲಾ ಇಲ್ಲವಾ ತಂಗಿ. ಎಂಟುನೂರು ವರ್ಷದ ಹಿಂದೇ ಬಿಟ್ಟೇವಿ ನಾವು. ಗಿರಾಕಿ ಏನಂತಾರ, ಅದು ವಿಚಾರ ಮಾಡಬೇಕಲ್ಲ" ಎಂದರು.

ಗಿರಾಕಿಗಳು ಏನನ್ನುತ್ತಾರೆ ಎಂಬುದನ್ನು ದಿನವೂ ಓದುವವಳು ನಾನು. ಅವರು ಪ್ಯಾಕೆಟ್ಟಿನ ಮೇಲಿನ ಆ ಕೈಗೆ ನಮಸ್ಕಾರ ಹೇಳುತ್ತಾರೆ. ಅದನ್ನೇ ಸಾವಕಾರರಿಗೆ ಹೇಳಿದೆ. ಅವರು ನಕ್ಕು, "ಫೋಟೊ ಬ್ಯಾರೆ, ರೊಟ್ಟಿ ಬ್ಯಾರೆ" ಎಂದರು. ಎಂಟು ದಿನ ತಿರುಗಿದ ಮೇಲೆ ನನಗೊಂದು ವಿಷಯ ಖಾತ್ರಿಯಾಯಿತು. ಆ ಘಟಕದಲ್ಲಿ ಒಬ್ಬರಿಗೂ ಜಾತಿ ಇಲ್ಲ. ಜಾತಿ ಇರುವವರೆಲ್ಲ ಯಾವಾಗಲೂ ಪಕ್ಕದ ಕೋಣೆಯಲ್ಲಿರುತ್ತಾರೆ. ನನಗೆ ಮೈಯೆಲ್ಲ ಉರಿಯಿತು. ಆದರೆ ಅರ್ಜಿಯನ್ನು ಫೈಲಿಗೆ ಹಾಕಿ ಮತ್ತೆ ಲೇಬಲ್ಲು ಪ್ರಿಂಟ್ ಮಾಡುತ್ತ ಕೂತೆ. ಅದಕ್ಕಾಗಿ ನನ್ನ ಮೇಲೆ ನನಗೇ ಸಿಟ್ಟಿದೆ.

ಆಗ ಬೆಂಗಳೂರಿನ ಒಂದು ಸಂಸ್ಥೆಯಿಂದ ಪತ್ರ ಬಂತು. ಮಹಿಳಾ ಸ್ನೇಹಿ ಉದ್ಯಮಗಳಿಗೆ ಅವರು ಪ್ರಶಸ್ತಿ ಕೊಡುತ್ತಾರಂತೆ. ನಮ್ಮ ಘಟಕ ಕೊನೆಯ ಸುತ್ತಿನಲ್ಲಿದೆ, ಮೂವರು ಪರೀಕ್ಷಕರು ಗುರುವಾರ ನೋಡಲು ಬರುತ್ತಾರೆ. ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: "ಪ್ಯಾಕೆಟ್ಟಿನ ಮೇಲಿರುವ ತಾಯಿಯವರನ್ನು ಕೆಲಸದಲ್ಲಿ ನೋಡಲು ಉತ್ಸುಕರಾಗಿದ್ದೇವೆ."

ಆ ಸಾಲನ್ನು ನಾನು ಎರಡು ಸಲ ಗಟ್ಟಿಯಾಗಿ ಓದಿದೆ. ಸಾವಕಾರರು ಫೋನು ಕೆಳಗಿಟ್ಟರು.

ಗುರುವಾರ ಬೆಳಿಗ್ಗೆ ಅವ್ವನಿಗೆ ಹೊಸ ಇಳಕಲ್ ಸೀರೆ ಬಂತು. ಟೊಪ್ಪಿಗೆ ಬಂತು, ಏಪ್ರನ್ನು ಬಂತು, ಕೈಗೆ ಪ್ಲಾಸ್ಟಿಕ್ ಗ್ಲೌಸು ಬಂತು. ಮೂರು ವರ್ಷದಲ್ಲಿ ಮೊದಲ ಸಲ ಅವಳು ಒಳಗೆ ಕಾಲಿಟ್ಟಳು. ಹನ್ನೆರಡನೆಯ ಒಲೆಯ ಮುಂದೆ ಕೂರಿಸಿದರು. ಪಕ್ಕಕ್ಕೆ ಒಂದನೆಯ ಒಲೆಯ ಮಹಾನಂದಾ. ನಡುವೆ ಆ ಹೊತ್ತಿನ ಹಿಟ್ಟೆಲ್ಲ ನಾದಿಟ್ಟ ದೊಡ್ಡ ಪರಾತ. ಅವ್ವನ ಮುಂದಿನ ಕಲ್ಲಿನ ಮೇಲೆ ಮಹಾನಂದಾ ಬಡಿದ ರೊಟ್ಟಿಯೊಂದನ್ನು ಆಗಲೇ ಹರವಿಟ್ಟಿದ್ದರು.

ಸಿದ್ದಲಿಂಗ ಬಗ್ಗಿ ಸಣ್ಣ ದನಿಯಲ್ಲಿ ಹೇಳಿಕೊಟ್ಟ: "ಮಲ್ಕವ್ವ, ಅವ್ರು ಬಂದಾಗ ಬಡದಂಗ ಮಾಡು. ಗ್ಲೌಸ್ ತೆಗೀಬ್ಯಾಡ. ಹಿಟ್ಟಿಗಿ ಕೈ ಹತ್ತಬಾರದು. ಮ್ಯಾಲ ಮ್ಯಾಲ ಕೈ ಆಡ್ಸು. ಹಂಚಿಗಿ ಹಾಕೂದು ಮಹಾನಂದಾ ಹಾಕ್ತಾಳ."

ಅವ್ವ ಅವನ ಮುಖವನ್ನೇ ನೋಡಿದಳು. ಬಾಗಿಲ ಹತ್ತಿರ ಕ್ಯಾಮೆರಾ ಹಿಡಿದು ನಿಂತಿದ್ದ ನನ್ನನ್ನು ನೋಡಿದಳು. ನಾನು ಕಣ್ಣು ತಪ್ಪಿಸಿದೆ. ಐವತ್ತೊಂದು ವರ್ಷದ ಹೆಂಗಸು, ಮೂವರು ಮಕ್ಕಳಿಗೆ ರೊಟ್ಟಿ ಬಡಿದು ಹಾಕಿದವಳು, ಈಗ ಗಾಳಿಗೆ ರೊಟ್ಟಿ ಬಡಿಯಬೇಕು. ಎರಡು ನಿಮಿಷದ ಕೆಲಸ. ಆಮೇಲೆ ಸೀರೆ ಬಿಚ್ಚಿ ವಾಪಸ್ಸು ಕೊಟ್ಟು ಚೀಲ ಇಳಿಸಲು ಹೋಗಬೇಕು, ಟೆಂಪೊ ಬಂದು ನಿಂತಿತ್ತು.

ಪರೀಕ್ಷಕರು ಬಂದರು. ಇಬ್ಬರು ಗಂಡಸರು, ಒಬ್ಬರು ಹೆಂಗಸು. ಶಾಂಭವಿ ಮೇಡಂ ಎಲ್ಲ ತೋರಿಸುತ್ತ, "ನಾವೆಲ್ಲ ಇಲ್ಲಿ ಒಂದೇ ಕುಟುಂಬ" ಎನ್ನುತ್ತ ಅವ್ವನ ಮುಂದೆ ತಂದು ನಿಲ್ಲಿಸಿದರು. ಆ ಹೆಂಗಸು ಖುಷಿಯಿಂದ ಕುಕ್ಕುರುಗಾಲಲ್ಲಿ ಕೂತರು.

"ಎಷ್ಟು ವರ್ಷದಿಂದ ಇಲ್ಲಿ ರೊಟ್ಟಿ ಮಾಡ್ತಿದ್ದೀರಮ್ಮ?"

"ಇಲ್ಲೇನ್ರಿ?" ಅವ್ವ ಕೇಳಿದಳು. "ಇಲ್ಲಿ ಇವತ್ತೇ ಮೊದಲ್ರಿ. ಅದೂ ಇನ್ನಾ ಮಾಡಿಲ್ಲ."

ಸಾವಕಾರರು ಜೋರಾಗಿ ನಕ್ಕರು. "ಭಾಳ ಚೇಷ್ಟಿ ಮಾಡ್ತಾಳ್ರಿ ಈಕಿ."

ಅವ್ವ ನಗಲಿಲ್ಲ. ಬಲಗೈಯ ಗ್ಲೌಸನ್ನು ಹಲ್ಲಿನಿಂದ ಕಚ್ಚಿ ಎಳೆದು ಉಗುಳಿದಳು. ಎಡಗೈಯದನ್ನೂ ಎಳೆದಳು. ಎರಡೂ ಕೈಯನ್ನು ಮೊಣಕೈವರೆಗೆ ಪರಾತದ ಹಿಟ್ಟಿಗೆ ಇಳಿಸಿದಳು.

ಒಳಗೆ ಬಡಿಯುವ ಸಪ್ಪಳ ನಿಂತಿತು. ಒಂದೊಂದೇ ಒಲೆ ನಿಲ್ಲುತ್ತ ಬಂದು ಹನ್ನೊಂದೂ ನಿಂತವು. ಅವ್ವ ನಾದಿದಳು. ಸೊಂಟ ನೋಯುತ್ತಿತ್ತು, ಮುಖದಲ್ಲಿ ಕಾಣುತ್ತಿತ್ತು, ಆದರೂ ಪೂರ್ತಿ ಪರಾತವನ್ನು ತಳದಿಂದ ಮೇಲಕ್ಕೆ ತಿರುವಿ ನಾದಿದಳು. ಕಲ್ಲಿನ ಮೇಲೆ ಹರವಿದ್ದ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿ, ಒಂದು ಉಂಡೆ ಮುರಿದು ಕಲ್ಲಿಗೆ ಹಾಕಿ ಬಡಿದಳು. ಹಂಚಿಗೆ ಹಾಕಿ, ಅರಿವೆಯಿಂದ ನೀರು ಸವರಿ, ತಿರುವಿ, ಕೆಂಡಕ್ಕೆ ಒರಗಿಸಿದಳು. ರೊಟ್ಟಿ ಉಬ್ಬಿತು. ಅದನ್ನು ಬರಿಗೈಯಲ್ಲಿ ಎತ್ತಿ ಹಿಡಿದಳು.

ಬೆಂಗಳೂರಿನ ಹೆಂಗಸು ಕೈ ಚಾಚಿದರು.

"ನಿಮಗ ಆಮ್ಯಾಲ ಕೊಡ್ತೇನ್ರಿ ಅಕ್ಕಾರ. ಮೊದಲು ಮನಿ ಮಂದಿ ತಿನ್ಲಿ. ಒಂದೇ ಕುಟುಂಬ ಅಂದ್ರಲ್ಲ ಈಗ" ಎಂದು ಅವ್ವ ರೊಟ್ಟಿಯನ್ನು ಸಾವಕಾರರ ಕಡೆ ಚಾಚಿದಳು. "ತಿನ್ರಿ ಸಾವ್ಕಾರ್ರ. ಬಿಸಿ ಅದ."

ಸಾವಕಾರರಿಗೆ ಆ ದಿನ ಉಪವಾಸವಿತ್ತು. ಅವರೇ ಹೇಳಿದರು. ಬೆಳಿಗ್ಗೆ ಒಂಬತ್ತಕ್ಕೆ ಅವರು ಎರಡು ಪ್ಲೇಟು ಮಂಡಕ್ಕಿ ಸುಸಲಾ, ನಾಲ್ಕು ಮಿರ್ಚಿ ಭಜಿ ತಿಂದ ಕಾಗದ ಇನ್ನೂ ನನ್ನ ಮೇಜಿನ ಮೇಲಿತ್ತು. ಸಿದ್ದಲಿಂಗನಿಗೆ ಆಗಲೇ ಫೋನು ಬಂತು, ರಿಂಗು ಮಾತ್ರ ಯಾರಿಗೂ ಕೇಳಲಿಲ್ಲ. ಶಾಂಭವಿ ಮೇಡಂ ಧೈರ್ಯ ಮಾಡಿದರು. ಒಂದು ಚೂರು ಮುರಿದು, ಬಾಯಿಯ ಹತ್ತಿರ ಹಿಡಿದು, "ಮೈತ್ರಿ, ಫೋಟೊ" ಎಂದರು. ನಾನು ತೆಗೆದೆ. ಆ ಚೂರು ಬಾಯಿಗೆ ಹೋಗಲಿಲ್ಲ, ಟಿಶ್ಯೂ ಪೇಪರಿನಲ್ಲಿ ಸುತ್ತಿಕೊಂಡು ಪರ್ಸಿಗೆ ಹೋಯಿತು. ಬೆಂಗಳೂರಿನವರು ಉಳಿದದ್ದನ್ನು ಹಂಚಿಕೊಂಡು ತಿಂದು, ಬಹಳ ಚೆನ್ನಾಗಿದೆ ಎಂದು ಚಪ್ಪಾಳೆ ತಟ್ಟಿದರು. ಅಲ್ಲಿ ಏನಾಯಿತು ಎಂಬುದು ಅವರಿಗೆ ತಿಳಿಯಲೇ ಇಲ್ಲ. ಶಾಲು ಹೊದಿಸಿಕೊಂಡು, ಒಳ್ಳೆಯ ಅಂಕ ಹಾಕಿ, ಕಾರು ಹತ್ತಿದರು.

ಕಾರಿನ ಧೂಳು ಇಳಿಯುವ ಮುಂಚೆ ಸಿದ್ದಲಿಂಗ ಒಳಗೆ ಬಂದ. "ಏಳ ಬೇ ಮ್ಯಾಲ. ಸಾಕು ನಾಟಕ."

"ನಾಟಕ ನೀವು ಹೇಳಿಕೊಟ್ಟಿದ್ದಿರಿ. ನಾ ಕೆಲಸ ಮಾಡಾಕತ್ತೇನಿ" ಎಂದು ಅವ್ವ ಇನ್ನೊಂದು ಉಂಡೆ ತೆಗೆದಳು. "ಜಾಗಾ ಖಾಲಿ ಅದ ಅಂತ ಬೋರ್ಡಿಗಿ ಹಚ್ಚೀರಿ. ಕುಂತೇನಿ."

"ಏಳ್ತಿಯೋ ಇಲ್ಲ ಎಳದ ಹಾಕ್ಲ್ಯಾ?"

"ಎಳಿ."

ಸಿದ್ದಲಿಂಗ ಕೈ ಮುಂದೆ ಮಾಡಿದ. ಅಲ್ಲೇ ತಡೆದ. ಎಳೆಯಬೇಕೆಂದರೆ ತೋಳು ಹಿಡಿಯಬೇಕು. ತೋಳು ಮೊಣಕೈವರೆಗೆ ಹಸಿ ಹಿಟ್ಟಾಗಿತ್ತು. ಅವನು ಸಾವಕಾರರನ್ನು ನೋಡಿದ, ಸಾವಕಾರರು ಒಳಗಿನ ಹೆಂಗಸರನ್ನು ನೋಡಿದರು. ಹೆಂಗಸರು ಗೋಡೆಗೆ ಸರಿದು ನಿಂತಿದ್ದರು. ಇಷ್ಟು ಮಂದಿ ಸೇರಿ ಸೊಂಟ ಮುರಿದ ಒಬ್ಬ ಹೆಂಗಸನ್ನು ಎಬ್ಬಿಸಲಾರದೆ ಹೋದರು.

"ಆ ಹಿಟ್ಟೆಲ್ಲಾ ಒಯ್ದು ಎಮ್ಮಿಗಿ ಹಾಕ್ರಿ" ಎಂದು ಸಾವಕಾರರು ಬಾಗಿಲ ಕಡೆ ತಿರುಗಿ ಒದರಿದರು. ಹೊಲಸು ಹೊತ್ತು ಹೊರಗೆ ಹಾಕುವ ಕೆಲಸ ಹೊರಗಿನವರದು. ಹೊರಗಿನ ಮೂವರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಫರಹೀನ ಸೆರಗು ಸರಿಮಾಡಿಕೊಂಡಳು. "ಹಸಿ ಹಿಟ್ಟಿಗಿ ನಮ್ಮ ಕೈ ಹತ್ತಬಾರ್ದಲ್ರಿ ಸಾಬ್. ನೀವೇ ಹೇಳೀರಿ."

ಸಾವಕಾರರ ಮುಖ ಕಪ್ಪಿಟ್ಟಿತು. ನನ್ನ ಕಡೆ ತಿರುಗಿದರು. "ಮೈತ್ರಿ, ಈಕಿನ್ನ ಕೆಲಸದಿಂದ ತೆಗದೀವಿ ಅಂತ ಲೆಟರ್ ತಾ. ಈಗಿಂದೀಗ."

"ಕಾರಣ ಏನ್ ಹಾಕ್ಲಿ ಸರ್?"

"ಏನರೆ ಹಾಕು."

ಕೆಲಸ ತಪ್ಪಿಸಿದಳು ಎಂದು ಹಾಕುವ ಹಾಗಿರಲಿಲ್ಲ, ಅವಳು ಕೆಲಸ ಮಾಡುತ್ತಿದ್ದಳು. ಕದ್ದಳು ಎನ್ನಲೂ ಆಗದು. ಆಫೀಸಿಗೆ ಹೋಗಿ ಟೈಪ್ ಮಾಡಿದೆ. ನಮ್ಮ ಮನೆಯಲ್ಲಿ ದುಡಿಯುವ ಎರಡು ಹೆಣ್ಣು ಒಂದೇ ದಿನ ಮನೆಗೆ ಹೋಗುವುದು ಖಾತ್ರಿಯಾಗಿತ್ತು. ಪ್ರಿಂಟ್ ತೆಗೆದು ತಂದು ಎಲ್ಲರಿಗೂ ಕೇಳುವ ಹಾಗೆ ಓದಿದೆ: "ಒಳಗೆ ಕುಳಿತು ಹಿಟ್ಟು ಮುಟ್ಟಿ ರೊಟ್ಟಿ ಮಾಡಿದ ಕಾರಣಕ್ಕಾಗಿ ಮಲ್ಕಮ್ಮ ಗಂಡ ದಶರಥ ಇವರನ್ನು ಕೆಲಸದಿಂದ ತೆಗೆಯಲಾಗಿದೆ." ಪೆನ್ನು ಕೊಟ್ಟೆ. "ಸಹಿ ಮಾಡ್ರಿ ಸರ್."

ಸಾವಕಾರರು ಓದು ಬಂದವರು. ಆ ಕಾಗದ ಸಹಿಯಾಗಿ ಠಾಣೆಗೆ ಹೋದರೆ ಯಾವ ಕಾನೂನು ಅದನ್ನು ಎತ್ತಿಕೊಳ್ಳುತ್ತದೆ ಎಂಬುದು ಅವರಿಗೆ ಗೊತ್ತು. ಪೆನ್ನು ಮುಟ್ಟಲಿಲ್ಲ. ದನಿ ತಗ್ಗಿಸಿದರು. "ನಾ ಎಲ್ಲಿ ಬ್ಯಾಡ ಅಂದೆವಾ? ಈ ಮಹಾನಂದಾನೇ ನಾವು ಬಾಜೂಕ ಕೂಡಂಗಿಲ್ಲ ಅಂದಾಳ."

"ನಾ?" ಮಹಾನಂದಾ ಗೋಡೆ ಬಿಟ್ಟು ಮುಂದೆ ಬಂದಳು. "ನಾ ಯಾವಾಗ ಅಂದೇನ್ರಿ? ನನ್ನ ಹೆಸರು ಯಾಕ ಹಚ್ತೀರಿ?"

ಅಂದಿದ್ದಳು. ನನ್ನ ಮುಂದೆಯೇ, ತುತ್ತು ನುಂಗಿ "ಬ್ಯಾಡ ಬಿಡು" ಅಂದಿದ್ದಳು. ಆದರೆ ಮಾಲೀಕರ ಪಾಪವನ್ನೂ ತನ್ನ ತಲೆಗೇ ಕಟ್ಟುತ್ತಾರೆಂದು ಅವಳಿಗೆ ಆಗ ತಿಳಿದಿರಲಿಕ್ಕಿಲ್ಲ. ಅವಳ ಮುಖ ಸಿಟ್ಟಿನಿಂದ ಕೆಂಪಾಗಿತ್ತು. ಟೊಪ್ಪಿಗೆ ತೆಗೆದು ಸಾವಕಾರರ ಕಾಲ ಹತ್ತಿರ ಒಗೆದಳು, ಹೋಗಿ ಅವ್ವನ ಪಕ್ಕ ಕುಕ್ಕರಿಸಿದಳು, ಅದೇ ಪರಾತದಿಂದ ಒಂದು ಉಂಡೆ ಮುರಿದುಕೊಂಡಳು. ಒಳಗಿನವರಲ್ಲಿ ಐವರು ಬಾಗಿಲು ದಾಟಿ ಮನೆಗೆ ಹೋದರು. ಉಳಿದವರು ಹೋಗಲೂ ಇಲ್ಲ, ಕೂರಲೂ ಇಲ್ಲ. ಸಾವಕಾರರು ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡು ನಿಂತೇ ಇದ್ದರು.

ಮಹಾನಂದಾ ಉಂಡೆಯನ್ನು ಒತ್ತಿ ನೋಡಿ ಮೂಗು ಮುರಿದಳು. "ಎಷ್ಟ್ ಬಿಗಿ ನಾದೀದಿ ಬೇ. ಅಂಚು ಒಡೀತಾವ."

"ನಿನ್ನ ರೊಟ್ಟಿ ನೋಡ್ಕೊ ಮೊದಲ" ಎಂದಳು ಅವ್ವ, ಕತ್ತೆತ್ತದೆ. "ನಡುವ ದಪ್ಪ ಅದ."

"ಭಾಳ ಶಾಣ್ಯಾಕಿ ಬಂದಿ. ಸರಿ ಅತ್ಲಾಗ, ನನಗ ಜಾಗಾ ಸಾಲವಲ್ದು."

ಅವ್ವ ಸರಿಯಲಿಲ್ಲ.